ಸೈನಿಕ ಮನೆಗೆ ತಂದ ಪಿಸ್ತೂಲು: ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು

ಮೊದಲ ಪಿಸ್ತೂಲು ಕೊಳ್ಳಲು ಹೊರಟ ಗೆಳೆಯರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಲೂಗರ್ ತಗೊಳ್ಳಲೋ, ಪಿ38 ತಗೊಳ್ಳಲೋ? ಎರಡೂ ಜರ್ಮನ್ ಸೇನೆಯ ಪಿಸ್ತೂಲುಗಳು. ಎರಡನೇ ಮಹಾಯುದ್ಧ ಮುಗಿಸಿ ಅಮೆರಿಕಕ್ಕೆ ಮರಳಿದ ಸೈನಿಕರ ಗಂಟುಮೂಟೆಯಲ್ಲಿ ಬಂದ ಪಿಸ್ತೂಲುಗಳ ಮಾತು ಇದು. ಮಾದರಿಯನ್ನು ಆಮೇಲೆ ಆರಿಸಿಕೊಳ್ಳಿ ಎನ್ನುತ್ತೇನೆ ನಾನು. ಕಾರ್ಖಾನೆಯಿಂದ ಹೊರಬಿದ್ದ ಮೇಲೆ ಅದಕ್ಕೆ ಯಾರು ಕೈ ಹಚ್ಚಿದರು, ಯಾವಾಗ ಹಚ್ಚಿದರು ಎಂಬುದನ್ನು ಮೊದಲು ತಿಳಿಯಿರಿ.

ಯಾಕೆಂದರೆ ಸೈನಿಕರು ಇವನ್ನು ಸಿಕ್ಕ ಹಾಗೇ ಬಿಡಲಿಲ್ಲ. ಹಿಡಿಯ ಪಟ್ಟಿ ಬಿಚ್ಚಿ ಪಾರದರ್ಶಕ ಪ್ಲಾಸ್ಟಿಕ್ ಕೂರಿಸಿ ಅದರಡಿ ಹೆಂಡತಿಯ ಫೋಟೊ ಇಟ್ಟರು. ಹೆಸರು ಕೊರೆದರು, ತುಕಡಿಯ ನಂಬರು ಕೊರೆದರು. ಊರಿಗೆ ಬಂದವರು ಪೇಟೆಯ ಅಂಗಡಿಗೆ ಕೊಟ್ಟು ನಿಕ್ಕಲ್ ಹಾಕಿಸಿ ಫಳಫಳ ಮಾಡಿಸಿದರು. ಹೀಗೆ ರೂಪ ಬದಲಾದ ಪಿಸ್ತೂಲುಗಳನ್ನು ಶುದ್ಧ ಸಂಗ್ರಹಕಾರರು ಬಹುಕಾಲ ಮೂಲೆಗೆ ತಳ್ಳಿದ್ದರು. ನನಗೆ ಇವುಗಳ ಮೇಲೇ ಪ್ರೀತಿ. ಆದರೆ ಪ್ರೀತಿಯಿದೆ ಎಂದು ಕಣ್ಣುಮುಚ್ಚಿ ದುಡ್ಡು ಸುರಿಯುವ ಹಾಗಿಲ್ಲ.

ಮೊದಲು ಕಾನೂನು

ಅಮೆರಿಕದಲ್ಲಿರುವ ಕನ್ನಡಿಗರು ಇದನ್ನು ಎರಡು ಸಲ ಓದಿ. ಎಚ್1ಬಿ, ಎಫ್1 ಮುಂತಾದ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವುದನ್ನು ಅಲ್ಲಿನ ಫೆಡರಲ್ ಕಾನೂನು ನಿಷೇಧಿಸಿದೆ. ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿಗಳಿವೆ ನಿಜ, ಅವುಗಳನ್ನು ಸಂಗ್ರಹಕ್ಕೆ ನೆಪ ಮಾಡಿಕೊಳ್ಳಬೇಡಿ. ಒಂದು ಪಿಸ್ತೂಲಿಗಾಗಿ ವಲಸೆಯ ಕಡತವನ್ನೇ ಅಪಾಯಕ್ಕೆ ಒಡ್ಡಿದಂತಾಗುತ್ತದೆ. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆಯಿಲ್ಲ. ಅದು ಕೈಗೆ ಬರುವ ತನಕ ನಾನು ವಸ್ತುಸಂಗ್ರಹಾಲಯಗಳ ಗಾಜಿಗೆ ಮೂಗು ತಾಗಿಸಿ ನೋಡಿಯೇ ಕಲಿತೆ. ಆ ವರ್ಷಗಳು ದಂಡವಾಗಲಿಲ್ಲ.

1968ರ ಕಾನೂನಿನಡಿ 50 ವರ್ಷ ದಾಟಿದ, ಮೂಲರೂಪದಲ್ಲಿರುವ ಬಂದೂಕುಗಳು ಪುರಾತನ ಕುತೂಹಲದ ವಸ್ತುಗಳ ವರ್ಗಕ್ಕೆ ಸೇರುತ್ತವೆ. ಇವನ್ನು ಕೂಡಿಡುವವರಿಗೆಂದೇ ಟೈಪ್ 03 ಎಂಬ ಲೈಸೆನ್ಸ್ ಇದೆ. 3 ವರ್ಷಕ್ಕೆ 30 ಡಾಲರ್; ಬಂದದ್ದು ಹೋದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಬೇಕು. ವ್ಯಾಪಾರಕ್ಕೆ ಇದನ್ನು ಬಳಸುವಂತಿಲ್ಲ. 'ಮೂಲರೂಪ' ಎಂಬ ಮಾತು ನಮ್ಮ ವಿಷಯಕ್ಕೆ ನೇರವಾಗಿ ತಾಗುತ್ತದೆ: ನಳಿಗೆಯನ್ನೋ ಚೌಕಟ್ಟನ್ನೋ ಕತ್ತರಿಸಿ ಬೇರೆಯದೇ ಆಕಾರ ಕೊಟ್ಟ ಪಿಸ್ತೂಲು ಕೊಳ್ಳುವ ಮುನ್ನ ಅದು ಈ ವರ್ಗದಲ್ಲಿ ಉಳಿದಿದೆಯೇ ಎಂದು ಬಂದೂಕುಗಳ ಮೇಲ್ವಿಚಾರಣೆ ನೋಡುವ ಫೆಡರಲ್ ಇಲಾಖೆ ಎಟಿಎಫ್‌ಗೇ ಬರೆದು ಕೇಳಿ. ಇದರ ಮೇಲೆ ರಾಜ್ಯಗಳ ಕಾನೂನು ಬೇರೆ. ಒಹಾಯೊದಲ್ಲಿ ಸಲೀಸಾಗಿ ನಡೆಯುವುದು ನ್ಯೂಯಾರ್ಕಿನಲ್ಲಿ ಪರವಾನಗಿಯಿಲ್ಲದೆ ನಡೆಯದು.

ಭಾರತದಲ್ಲಿ ಈ ಹವ್ಯಾಸಕ್ಕೆ ಜಾಗ ಬಹಳ ಕಡಿಮೆ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ ಒಬ್ಬರಿಗೆ ಎರಡೇ ಬಂದೂಕು ಎಂದು ಮಿತಿ ಹಾಕಿತು. ಲೂಗರ್, ಪಿ38 ಎರಡೂ ಹಾರಿಸುವ 9 ಮಿಮೀ ಗುಂಡು ಇಲ್ಲಿ ನಿಷೇಧಿತ ಬೋರ್ (ನಳಿಗೆಯ ಅಳತೆ). ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ ಕೋವಿಗೆ ಸಂಬಂಧಿಸಿದ್ದು. ಪಿಸ್ತೂಲಿಗೂ ಅದೇ ಅನ್ವಯಿಸುತ್ತದೆ ಎಂದುಕೊಂಡು ಯಾರೂ ಹೆಜ್ಜೆ ಇಡಬೇಡಿ.

ಫೋಟೊ ಇಟ್ಟ ಹಿಡಿ

ಈ ಬಗೆಯ ಪಿಸ್ತೂಲುಗಳಲ್ಲಿ ನನ್ನ ಮೊದಲ ಆಯ್ಕೆ ಇದೇ. ಸಂಗ್ರಹಕಾರರು ಸ್ವೀಟ್‌ಹಾರ್ಟ್ ಗ್ರಿಪ್ ಎನ್ನುತ್ತಾರೆ. ಬಿದ್ದ ವಿಮಾನದ ಕಿಟಕಿ ಅಥವಾ ಮೂತಿಯ ಪ್ಲೆಕ್ಸಿಗ್ಲಾಸ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕನ್ನು ಗರಗಸದಲ್ಲಿ ಕೊಯ್ದು, ಅರದಿಂದ ಉಜ್ಜಿ, ಪಿಸ್ತೂಲಿನ ಹಿಡಿಗೆ ಒಪ್ಪುವ ಪಟ್ಟಿ ಮಾಡಿಕೊಳ್ಳುತ್ತಿದ್ದರು. ಅದರ ಬೆನ್ನಿಗೆ ಫೋಟೊ. ಹೆಂಡತಿ, ಮದುವೆ ಗೊತ್ತಾದ ಹುಡುಗಿ, ಇಲ್ಲವೇ ಪತ್ರಿಕೆಯಿಂದ ಕತ್ತರಿಸಿದ ಸುಂದರಿ. ಕೆಲವರು ಒಂದು ಬದಿಯನ್ನು ಖಾಲಿ ಬಿಟ್ಟರು, ಮ್ಯಾಗಝಿನ್ನಿನಲ್ಲಿ ಎಷ್ಟು ತೋಟೆ ಉಳಿದಿದೆ ಎಂದು ಕಣ್ಣಿಗೆ ಕಾಣಲಿ ಎಂದು.

ಇಂಥ ಹಿಡಿ ಹೆಚ್ಚಾಗಿ ಕಾಣುವುದು ಅಮೆರಿಕದ್ದೇ 1911ಎ1 ಪಿಸ್ತೂಲಿನ ಮೇಲೆ. ಅದಕ್ಕೆ ಕಾರಣ ಆಕಾರ. 1911ರ ಹಿಡಿಯ ಪಟ್ಟಿ ಒಳಮೈಯಲ್ಲಿ ಚಪ್ಪಟೆ, ಬದಿಗೆ ಎರಡೆರಡು ತಿರುಪು, ಅಷ್ಟೇ. ಶಿಬಿರದ ದೀಪದಡಿ ಕೂತು ಒಂದು ಸಂಜೆಯಲ್ಲಿ ಮುಗಿಸಬಹುದಾದ ಕೆಲಸ. ಲೂಗರಿನಲ್ಲಿ ಎಡಪಟ್ಟಿಯನ್ನು ಸೇಫ್ಟಿ ಸನ್ನೆಗೆ ಜಾಗ ಬಿಟ್ಟು ಕೆತ್ತಬೇಕು. ಪಿ38ರ ಪಟ್ಟಿಗಳು ದಪ್ಪ, ಬಾಗಿದವು, ಒಂದೇ ತಿರುಪು ಎರಡನ್ನೂ ಹಿಡಿದಿಡುತ್ತದೆ. ಹಾಗಾಗಿ ಲೂಗರಿನ ಮೇಲೆ ಒಪ್ಪವಾಗಿ ಕೂತ ಪ್ಲೆಕ್ಸಿಗ್ಲಾಸ್ ಹಿಡಿ ಕಂಡರೆ ಎರಡರಲ್ಲೊಂದು: ವಿಮಾನ ರಿಪೇರಿ ಗೊತ್ತಿದ್ದ ನುರಿತ ಕೈಯ ಕೆಲಸ, ಅಥವಾ ಇತ್ತೀಚಿನ ಯಂತ್ರದ ಕೆಲಸ.

ಅನುಕೂಲವೇ ಇಲ್ಲಿ ಅಪಾಯ. ನಾಲ್ಕು ತಿರುಪು ಬಿಚ್ಚಿದರೆ ಯಾವ ಹಿಡಿಯನ್ನು ಯಾವ 1911ಕ್ಕೂ ಹಾಕಬಹುದು. 'ಇದು ಇದೇ ಪಿಸ್ತೂಲಿನ ಮೇಲೆ ಯುದ್ಧದಲ್ಲಿತ್ತು' ಎಂಬ ಮಾತಿಗೆ ಲೋಹದಿಂದ ಸಾಕ್ಷಿ ಸಿಗುವುದು ಅಪರೂಪ. ಹಿಡಿಗೆ ಒಂದು ಬೆಲೆ, ಪಿಸ್ತೂಲಿಗೆ ಒಂದು ಬೆಲೆ ಎಂದು ಬೇರೆ ಬೇರೆ ಲೆಕ್ಕ ಹಾಕಿ. ಎರಡನ್ನೂ ಕೂಡಿಸಿ ಕಥೆಗೆಂದು ಇನ್ನಷ್ಟು ಕೇಳಿದರೆ ಕಾಗದ ಕೇಳಿ.

ಹಿಡಿಯನ್ನು ಪರೀಕ್ಷಿಸುವಾಗ ಅವಸರ ಬೇಡ. ಕೈಯಲ್ಲಿ ಮಾಡಿದ್ದರ ಎರಡು ಪಟ್ಟಿಗಳು ಒಂದೇ ದಪ್ಪ ಇರುವುದಿಲ್ಲ. ಭೂತಗನ್ನಡಿ ಹಿಡಿದರೆ ಅಂಚಿನಲ್ಲಿ ಅರದ ಗೀರು, ತಿರುಪಿನ ತೂತು ಒಂದಿಷ್ಟು ಸೊಟ್ಟ. ಎಂಬತ್ತು ವರ್ಷ ಕಂಡ ಪ್ಲೆಕ್ಸಿಗ್ಲಾಸಿನ ಬಣ್ಣ ತುಸು ಹಳದಿಗೆ ತಿರುಗಿರಬಹುದು. ತಿರುಪಿನ ಸುತ್ತ ಕೂದಲೆಳೆಯ ಬಿರುಕು ಕಾಣಬಹುದು. ಗಾಜಿನ ಹಾಗೆ ತಿಳಿಯಾಗಿ, ಎರಡೂ ಕಡೆ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದರೆ ನಾನು ಹಿಂದೆ ಸರಿಯುತ್ತೇನೆ.

ಆಮೇಲೆ ಫೋಟೊ. ಆ ಕಾಲದ ಕಪ್ಪುಬಿಳುಪು ಮುದ್ರಣದ ಗಾಢ ಜಾಗಗಳನ್ನು ಓರೆಯಾಗಿ ನೋಡಿದರೆ ಬೆಳ್ಳಿಯ ಪೊರೆ ಮಿನುಗುವುದುಂಟು. ಭೂತಗನ್ನಡಿಯಲ್ಲಿ ಸಾಲುಸಾಲು ಕಪ್ಪು ಚುಕ್ಕೆ ಕಂಡರೆ ಪತ್ರಿಕೆಯ ಚಿತ್ರ, ಅದೂ ಯುದ್ಧಕಾಲದ್ದೇ ಇರಬಹುದು. ಬಣ್ಣಬಣ್ಣದ ಚುಕ್ಕೆಗಳು ಸೇರಿ ಕಪ್ಪು ಆಗಿದ್ದರೆ ಅದು ಈಚಿನ ಪ್ರಿಂಟರಿನದು. ಕೊನೆಗೆ ಕತ್ತಲೆಯಲ್ಲಿ ಅತಿನೇರಳೆ ಟಾರ್ಚ್ ಬಿಡಿ. ಫೋಟೊ ಕಾಗದವನ್ನು ಬೆಳ್ಳಗೆ ಕಾಣಿಸುವ ರಾಸಾಯನಿಕಗಳು 1950ರ ದಶಕದಿಂದೀಚೆಗೆ ಬಳಕೆಗೆ ಬಂದವು. ಕಾಗದ ನೀಲಿಬಿಳುಪಾಗಿ ಉರಿದರೆ 1944ರ ಹುಡುಗಿಯ ಕಥೆ ಅಲ್ಲಿಗೆ ಮುಗಿಯಿತು. ಆದರೆ ಅಡ್ಡ ಇರುವ ಪ್ಲಾಸ್ಟಿಕ್ ಈ ಬೆಳಕನ್ನು ನುಂಗಬಹುದು, ಆದ್ದರಿಂದ ಅಂಚಿನಲ್ಲಿ ಇಣುಕುವ ಕಾಗದವನ್ನು ನೋಡಿ. ನೋಡುವುದಕ್ಕೆಂದು ಪಟ್ಟಿಯಿಂದ ಫೋಟೊವನ್ನು ಎಬ್ಬಿಸಲು ಹೋಗಲೇಬೇಡಿ. ದಶಕಗಳ ಬೆವರು, ಎಣ್ಣೆ ಸೇರಿ ಅಂಟಿಕೊಂಡಿರುತ್ತದೆ. ಎಳೆದರೆ ಮುಖವೇ ಕಿತ್ತುಬರುತ್ತದೆ. ಒಂದು ಪ್ರದರ್ಶನದಲ್ಲಿ ಒಬ್ಬ ವ್ಯಾಪಾರಿ ನನ್ನ ಕಣ್ಣೆದುರೇ ಹಾಗೆ ಮಾಡಿದ. ಪ್ಲಾಸ್ಟಿಕ್ಕಿಗೆ ಹುಡುಗಿಯ ಅರ್ಧ ಕೆನ್ನೆ ಉಳಿಯಿತು. ಆ ದಿನ ನಾನು ಏನೂ ಕೊಳ್ಳದೆ ಮನೆಗೆ ಬಂದೆ.

1911ರ ಬಗ್ಗೆ ಇನ್ನೊಂದು ಮಾತು. ಅದು ಸೈನಿಕ ಗೆದ್ದ ವಸ್ತುವಲ್ಲ, ಸರ್ಕಾರ ಅವನಿಗೆ ಕೊಟ್ಟಿದ್ದು. ಚೌಕಟ್ಟಿನ ಮೇಲೆಯೇ ಅಮೆರಿಕದ ಸ್ವತ್ತು ಎಂಬ ಮೊಹರು ಇದೆ. ಹಾಗಾಗಿ ಶತ್ರುವಿನಿಂದ ವಶಪಡಿಸಿಕೊಂಡದ್ದು ಎಂಬ ಪತ್ರ ಇದಕ್ಕೆ ಇರಲಾರದು. ಯುದ್ಧಾನಂತರ ಸರ್ಕಾರವೇ ನಾಗರಿಕರಿಗೆ ಮಾರಿದವುಗಳಿಗೆ ಮಾರಾಟದ ಕಾಗದ ಇರುತ್ತದೆ, ಆದರೆ ಅವುಗಳಲ್ಲಿ ಬಹುಪಾಲು ಶಸ್ತ್ರಾಗಾರದಲ್ಲಿ ಬಿಚ್ಚಿ ಜೋಡಿಸಿದವು, ಭಾಗಗಳು ಕಲಸುಮೇಲೋಗರ. ತಯಾರಕರಲ್ಲಿ ರೆಮಿಂಗ್ಟನ್ ರ‍್ಯಾಂಡ್ ಟೈಪ್‌ರೈಟರ್ ಕಂಪನಿ, ಯೂನಿಯನ್ ಸ್ವಿಚ್ ರೈಲ್ವೆ ಸಿಗ್ನಲ್ಲಿನದು. ಹೊಲಿಗೆ ಯಂತ್ರದ ಸಿಂಗರ್ ಮಾಡಿದ್ದು ಕೇವಲ 500; ಯಾರಾದರೂ ಸಿಂಗರ್ ಎಂದು ತೋರಿಸಿದರೆ ಮೊದಲು ನಕಲಿ ಎಂದೇ ಹಿಡಿದು ಪರೀಕ್ಷೆ ಶುರುಮಾಡಿ.

ಹೆಸರು ಕೊರೆದದ್ದು

ಫೋಟೊದ ಹಿಡಿಯನ್ನು ಬದಲಾಯಿಸಬಹುದು, ಕೊರೆದ ಹೆಸರನ್ನು ಬದಲಾಯಿಸಲಾಗದು. ಈ ಕಾರಣಕ್ಕೆ ಹೆಸರು ಕೊರೆದ ಪಿಸ್ತೂಲನ್ನೇ ಮೇಲೆಂದು ಹೇಳುವವರಿದ್ದಾರೆ. ಅವರ ಮಾತು ತೆಗೆದುಹಾಕುವಂಥದ್ದಲ್ಲ. ಹೆಸರಿದ್ದರೆ ಸೇನೆಯ ದಾಖಲೆಯಲ್ಲಿ ಹುಡುಕಬಹುದು, ತುಕಡಿ ಎಲ್ಲಿತ್ತು ಎಂದು ನೋಡಬಹುದು.

ಕೊರೆತ ಹಳತೋ ಹೊಸತೋ ಎಂಬುದನ್ನು ಲೇಪವೇ ಹೇಳುತ್ತದೆ. ಅಕ್ಷರದ ತಗ್ಗಿನೊಳಗೆ ಲೋಹ ಬೆಳ್ಳಗೆ ಹೊಳೆಯುತ್ತಿದ್ದು, ಸುತ್ತಲಿನ ಮೈ ಕಂದಿ ಸವೆದಿದ್ದರೆ ಅದು ನಿನ್ನೆ ಮೊನ್ನೆಯ ಕೆಲಸ. ಅಕ್ಷರದ ಅಂಚು ಬೆರಳಿಗೆ ಚುಚ್ಚಿದರೂ ಹಾಗೆಯೇ. ನಿಕ್ಕಲ್ ಹಾಕಿದ ಪಿಸ್ತೂಲಿನಲ್ಲಿ ತಗ್ಗಿನೊಳಗೂ ನಿಕ್ಕಲ್ ಇಳಿದಿದ್ದರೆ ಕೊರೆದದ್ದು ಮೊದಲು, ಲೇಪ ಆಮೇಲೆ. ಅಕ್ಷರ ನಿಕ್ಕಲ್ಲನ್ನು ಸೀಳಿ ಹೋಗಿದ್ದರೆ ತಿರುಗಾಮುರುಗಾ. ಸೈನಿಕ ತಾನೇ ಕೊರೆದದ್ದು ಸಾಮಾನ್ಯವಾಗಿ ಸೊಟ್ಟಂಬಟ್ಟ, ಮೊಳೆಯಲ್ಲೋ ಚೂಪಾದ ಉಳಿಯಲ್ಲೋ ಚುಕ್ಕೆ ಚುಕ್ಕೆಯಾಗಿ ಹೊಡೆದದ್ದು. ಪ್ರಸಿದ್ಧ ತುಕಡಿ, ಪ್ರಸಿದ್ಧ ಕದನ, ಪ್ರಸಿದ್ಧ ತಾರೀಖು ಮೂರೂ ಒಂದೇ ಪಿಸ್ತೂಲಿನ ಮೇಲೆ ಅಂದವಾಗಿ ಕೂತಿದ್ದರೆ ನನಗೆ ಸಂಶಯ ಬರುತ್ತದೆ. ಅಡುಗೆ ವಿಭಾಗದ ಸಾರ್ಜೆಂಟನ ಹೆಸರನ್ನು ಸುಳ್ಳು ಸುಳ್ಳೇ ಕೊರೆಯುವವರು ಕಡಿಮೆ.

ನಿಕ್ಕಲ್, ಕ್ರೋಮ್

ಇದು ಹೆಚ್ಚು ಸಿಗುವುದು, ಹೆಚ್ಚು ಮೋಸ ಹೋಗುವುದೂ ಇಲ್ಲೇ. ಮಿರಮಿರ ಮಿಂಚುವ ಲೂಗರ್ ತೋರಿಸಿ 'ಜರ್ಮನ್ ಜನರಲ್ಲಿನದು' ಎನ್ನುವವರು ಪ್ರತಿ ಪ್ರದರ್ಶನದಲ್ಲೂ ಇದ್ದಾರೆ. ಬಹುಪಾಲು ಸಂದರ್ಭದಲ್ಲಿ ಆ ಹೊಳಪು ಯುದ್ಧ ಮುಗಿದ ಮೇಲೆ ಅಮೆರಿಕದ ಯಾವುದೋ ಪೇಟೆಯಲ್ಲಿ ಹಾಕಿಸಿದ್ದು. ಲೇಪ ಹಾಕುವ ಮುನ್ನ ಮೈಯನ್ನು ಚಕ್ರಕ್ಕೆ ಹಿಡಿದು ಉಜ್ಜುತ್ತಾರೆ. ಆಗ ಮೂಲೆಗಳು ದುಂಡಗಾಗುತ್ತವೆ, ಮೊಹರುಗಳು ಮಸುಕಾಗುತ್ತವೆ, ತಿರುಪಿನ ತೂತಿನ ಬಾಯಿ ತಟ್ಟೆಯ ಹಾಗೆ ಅಗಲವಾಗುತ್ತದೆ. ಮೂಲ ಲೂಗರಿನ, ಕಾರ್ಖಾನೆಯಲ್ಲೇ ನೀಲಿಗಪ್ಪು ಬಣ್ಣಕ್ಕೆ ತಿರುಗಿಸಿದ ಮೈಯಲ್ಲಿ ಮೊಹರು ಹೊಡೆದ ಜಾಗದ ಸುತ್ತ ತೆಳುವಾದ ಪ್ರಭೆಯ ಉಂಗುರ ಕಾಣುವುದುಂಟು, 1930ರ ದಶಕದ ನಡುವಿನವರೆಗೆ ಕುದುರೆ (ಟ್ರಿಗರ್), ಸೇಫ್ಟಿಯಂಥ ಸಣ್ಣ ಭಾಗಗಳಿಗೆ ಒಣಹುಲ್ಲಿನ ಬಣ್ಣ ಬರುವಂತೆ ಕಾಯಿಸುತ್ತಿದ್ದರು. ಉಜ್ಜಿದಾಗ ಇವೆಲ್ಲ ಹೋಗುತ್ತವೆ.

ಎಲ್ಲ ಭಾಗಗಳ ನಂಬರೂ ಒಂದಕ್ಕೊಂದು ಹೊಂದುವ ಲೂಗರಿಗೆ ಹೊಸ ಲೇಪ ಬಿದ್ದರೆ ಸಂಗ್ರಹದ ಬೆಲೆ ಅರ್ಧಕ್ಕೆ ಇಳಿಯುವುದು ಸಾಮಾನ್ಯ. ಆ ಬೆಲೆಗೆ ಸಿಕ್ಕರೆ ಮಾತ್ರ ಕೊಳ್ಳಿ. ಸೈನಿಕನ ಕುಟುಂಬದಿಂದಲೇ ನೇರ ಬಂದು, ಕಾಗದವೂ ಇದ್ದರೆ ನಾನು ಸಂತೋಷದಿಂದ ಕೊಳ್ಳುತ್ತೇನೆ. ಜೀವ ಉಳಿಸಿಕೊಂಡು ಮರಳಿದವನೊಬ್ಬ ತನ್ನ ಸಂಬಳದ ದುಡ್ಡು ಕೊಟ್ಟು ಹಾಕಿಸಿದ ಹೊಳಪು ಅದು. ಅದನ್ನು ಕೆರೆದು ಮತ್ತೆ ನೀಲಿ ಮಾಡಿಸಿ 'ಮೂಲ'ಕ್ಕೆ ತರುತ್ತೇನೆ ಎನ್ನುವವರಿಗೆ ನನ್ನ ವಿನಂತಿ, ದಯವಿಟ್ಟು ಬೇಡ. ಉಜ್ಜಿಹೋದ ಮೊಹರು ಮರಳಿ ಬರುವುದಿಲ್ಲ, ಇದ್ದ ಚರಿತ್ರೆಯೂ ಹೋಗುತ್ತದೆ.

ಅಧಿಕಾರಿಗಳ ಕಾಣಿಕೆಯ ಪಿಸ್ತೂಲು

ಜರ್ಮನ್ ಕಾರ್ಖಾನೆಯೇ ಓಕ್ ಎಲೆಗಳ ಚಿತ್ತಾರ ಕೊರೆದು, ದಂತದ ಹಿಡಿ ಹಾಕಿ ದೊಡ್ಡವರಿಗೆ ಕೊಟ್ಟ ವಾಲ್ಥರ್ ಪಿಪಿ, ಪಿಪಿಕೆಗಳು ಬೇರೆ ಲೋಕ. 1939ರಲ್ಲಿ ಹಿಟ್ಲರನ 50ನೇ ಹುಟ್ಟುಹಬ್ಬಕ್ಕೆ ವಾಲ್ಥರ್ ಸಂಸ್ಥೆ ಕೊಟ್ಟ ಚಿನ್ನದ ಲೇಪದ ಪಿಪಿ ಅಮೆರಿಕದ ಸೈನಿಕನೊಬ್ಬನ ಕೈಗೆ ಸಿಕ್ಕಿ, 1987ರ ಹರಾಜಿನಲ್ಲಿ 1,14,000 ಡಾಲರಿಗೆ ಹೋಯಿತು. ಇಷ್ಟು ದುಡ್ಡು ಓಡಾಡುವ ಕಡೆ ನಕಲಿ ಕೊರೆತಗಾರರೂ ಪಳಗಿದವರೇ. ನಾನು ಇದರ ತಂಟೆಗೆ ಹೋಗಿಲ್ಲ, ಹೊಸಬರಿಗೂ ಹೇಳುವುದಿಲ್ಲ. ದಂತದ ಹಿಡಿಯಿದ್ದರೆ ಇನ್ನೊಂದು ತೊಡಕು: 2016ರಿಂದ ಅಮೆರಿಕದಲ್ಲಿ ಆನೆದಂತದ ವ್ಯಾಪಾರಕ್ಕೆ ಬಹುತೇಕ ನಿಷೇಧವಿದೆ. ಮಾರುವವರೇ ಕಾಗದ ಒದಗಿಸದಿದ್ದರೆ ಮುಟ್ಟಬೇಡಿ.

ಈಗ ಮಾದರಿ

ಲೂಗರ್ ಕೈಗೆ ಹಿತ, ಕಣ್ಣಿಗೆ ಚೆಂದ. 1908ರಲ್ಲಿ ಜರ್ಮನ್ ಭೂಸೇನೆ ಒಪ್ಪಿಕೊಂಡ ಈ ಪಿಸ್ತೂಲಿಗಾಗಿ ಅಮೆರಿಕದ ಸೈನಿಕರು ಹಂಬಲಿಸಿದಷ್ಟು ಬೇರಾವುದಕ್ಕೂ ಹಂಬಲಿಸಲಿಲ್ಲ. ಸಣ್ಣ ಸಣ್ಣ ಭಾಗದ ಮೇಲೂ ನಂಬರಿನ ಕೊನೆಯ ಎರಡು ಅಂಕಿ ಇರುವುದರಿಂದ, ಒಂದು ಭಾಗ ಬದಲಾಗಿದ್ದರೂ ಗೊತ್ತಾಗುತ್ತದೆ. ಒಂದೇ ಲೂಗರನ್ನು ಚೆನ್ನಾಗಿ ಕೊಳ್ಳುವಷ್ಟು ದುಡ್ಡಿದ್ದರೆ, ಬದಲಾವಣೆ ಇಲ್ಲದ್ದನ್ನೇ ಕೊಳ್ಳಿ. ಈ ಮಾದರಿಯಲ್ಲಿ ಮಾತ್ರ ನಾನು ಶುದ್ಧವಾದಿಗಳ ಪಕ್ಷ.

ಪಿ38 ಕಡಿಮೆ ದುಡ್ಡಿಗೆ ಹೆಚ್ಚು ಕಲಿಸುತ್ತದೆ. ಮೈಮೇಲಿನ ತಯಾರಕರ ಗುರುತು ಎಸಿ ಎಂದಿದ್ದರೆ ವಾಲ್ಥರ್, ಬಿವೈಎಫ್ ಎಂದರೆ ಮೌಸರ್, ಮುಂದಿನ ಎರಡು ಅಂಕಿ ವರ್ಷ. ಸಿವೈಕ್ಯೂ ಎಂದರೆ ಸ್ಪ್ರೀವೆರ್ಕ್, ಅದರಲ್ಲಿ ವರ್ಷ ಇರುವುದಿಲ್ಲ, ಮೈಯಲ್ಲಿ ಯಂತ್ರದ ಗೀರು ಒರಟೊರಟಾಗಿ ಉಳಿದಿರುತ್ತದೆ. ಆ ಒರಟುತನ ದೋಷವಲ್ಲ. ಸೋಲುತ್ತಿದ್ದ ದೇಶದ ಅವಸರ ಲೋಹದ ಮೇಲೆ ಹಾಗೇ ಮೂಡಿದೆ. ಮೊದಲ ಖರೀದಿಗೆ ನಾನು ಸೂಚಿಸುವುದು ಇದನ್ನೇ.

ಜಪಾನಿನ ಟೈಪ್ 14 ನಂಬು ಪೆಸಿಫಿಕ್ ಕಡೆಯಿಂದ ಬಂದದ್ದು. ಮೈಮೇಲೆ 18.9 ಎಂದಿದ್ದರೆ ಶೋವಾ ಆಳ್ವಿಕೆಯ 18ನೇ ವರ್ಷ, ಒಂಬತ್ತನೇ ತಿಂಗಳು. 1925 ಕೂಡಿಸಿ, 1943ರ ಸೆಪ್ಟೆಂಬರ್. ಟೈಪ್ 94 ಕೊಂಡರೆ ಎಚ್ಚರ ಹೆಚ್ಚಿರಲಿ: ಅದರ ಎಡಮೈಯಲ್ಲಿ ಕುದುರೆಗೆ ಜೋಡಿಸಿದ ಪಟ್ಟಿ ಹೊರಗೇ ಇದ್ದು, ಅದನ್ನು ಅದುಮಿದರೂ ಗುಂಡು ಹಾರಬಲ್ಲದು. ಇಟಲಿಯ ಬೆರೆಟ್ಟಾ 1934 ಪುಟ್ಟದು, ಗಟ್ಟಿಮುಟ್ಟು, ಅಗ್ಗ. 1942ರ ಪಕ್ಕ ರೋಮನ್ ಅಂಕಿಯಲ್ಲಿ ಇಪ್ಪತ್ತು ಎಂದಿದ್ದರೆ ಅದು ಮುಸೊಲಿನಿಯ ಫ್ಯಾಸಿಸ್ಟ್ ಶಕೆಯ ವರ್ಷ.

ಯಾವುದನ್ನೇ ಆಗಲಿ ಕೈಗೆತ್ತಿಕೊಂಡ ಕೂಡಲೆ ಮ್ಯಾಗಝಿನ್ ತೆಗೆದು, ಗುಂಡಿನ ಕೋಣೆ ತೆರೆದು ಕಣ್ಣಾರೆ ನೋಡಿ. ಅಜ್ಜನ ಪೆಟ್ಟಿಗೆಯಿಂದ ಬಂದದ್ದರಲ್ಲಿ 1945ರ ತೋಟೆ ಇನ್ನೂ ಕೂತಿರಬಹುದು.

ಕಾಗದ

ಒಂದೇ ಬೆಲೆಗೆ ಅಂದದ ಪಿಸ್ತೂಲು ಒಂದು, ಸವೆದದ್ದು ಆದರೆ ಕಾಗದ ಇರುವುದು ಒಂದು ಬಂದರೆ ನಾನು ಎರಡನೆಯದನ್ನು ಎತ್ತಿಕೊಳ್ಳುತ್ತೇನೆ. 1944ರ ಮೇ ತಿಂಗಳಲ್ಲಿ ಅಮೆರಿಕದ ಯುದ್ಧ ಇಲಾಖೆ ಹೊರಡಿಸಿದ ಸುತ್ತೋಲೆಯಡಿ, ಸೈನಿಕ ಶತ್ರುವಿನ ವಸ್ತುವನ್ನು ಮನೆಗೆ ತರಬೇಕಾದರೆ ಮೇಲಧಿಕಾರಿಯ ಸಹಿಯಿದ್ದ ಪ್ರಮಾಣಪತ್ರ ಬೇಕಿತ್ತು. ಟೈಪ್ ಮಾಡಿದ ಅರ್ಧ ಹಾಳೆ. ಹೆಸರು, ತುಕಡಿ, ವಸ್ತುವಿನ ವಿವರ. ಪಿಸ್ತೂಲಿನ ನಂಬರು ಅದರಲ್ಲಿದ್ದರೆ ಅದು ಬಂಗಾರ. 'ಒಂದು ಜರ್ಮನ್ ಪಿಸ್ತೂಲು' ಎಂದಷ್ಟೇ ಇದ್ದರೆ ಯಾವ ಪಿಸ್ತೂಲಿನ ಜೊತೆಗಾದರೂ ಇಟ್ಟು ಮಾರಬಹುದಾದ ಕಾಗದ, ಅದಕ್ಕೆ ತಕ್ಕ ಬೆಲೆಯಷ್ಟೇ ಕೊಡಿ. ವಿಯೆಟ್ನಾಂ ಕಾಲದ್ದಾದರೆ ಡಿಡಿ 603 ಎಂಬ ಮುದ್ರಿತ ನಮೂನೆ ಇರಬೇಕು.

ಕಾಗದವೂ ಪೂರ್ತಿ ಕಥೆ ಹೇಳುವುದಿಲ್ಲ. ಮುಂಚೂಣಿಯಲ್ಲಿ ಸಿಕ್ಕ ಪಿಸ್ತೂಲು ಸಿಗರೇಟಿಗೆ, ವಿಸ್ಕಿಗೆ, ಜೂಜಿನ ಸಾಲಕ್ಕೆ ಕೈಬದಲಾಗುತ್ತ ಹಿಂಬದಿಯ ಗುಮಾಸ್ತನನ್ನೋ ಹಡಗಿನ ನಾವಿಕನನ್ನೋ ಸೇರಿತು. ಪತ್ರದ ಮೇಲಿನ ಹೆಸರು ತಂದವನದು, ಗೆದ್ದವನದೇ ಆಗಬೇಕೆಂದಿಲ್ಲ. ಆದ್ದರಿಂದ ಕುಟುಂಬದವರು ಮಾರುವಾಗ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು, ಸಹಿ ಹಾಕಿಸಿ, ಪಿಸ್ತೂಲಿನ ನಂಬರು ಸೇರಿಸಿ ಇಟ್ಟುಕೊಳ್ಳಿ. ನಾನು ಪಿ38 ಕೊಂಡ ಮನೆಯ ಮುದುಕಿ, ಅಪ್ಪ ಇದರ ಬಗ್ಗೆ ಒಂದೇ ಒಂದು ಸಲ ಮಾತಾಡಿದ್ದ ಎಂದರು. ಏನು ಹೇಳಿದ್ದ ಎಂದು ನಾಲ್ಕು ಸಾಲು ಬರೆದುಕೊಟ್ಟರು. ಪಿಸ್ತೂಲಿಗಿಂತ ಆ ಹಾಳೆಯನ್ನು ನಾನು ಜೋಪಾನವಾಗಿಟ್ಟಿದ್ದೇನೆ.

ಮನೆಗೆ ತಂದ ಮೇಲೆ

ಬೀಗ ಹಾಕುವ ಲೋಹದ ಪೆಟ್ಟಿಗೆ, ತೋಟೆ ಬೇರೆ ಕಡೆ. ಮಕ್ಕಳಿರುವ ಮನೆಯಲ್ಲಿ ಇದಕ್ಕೆ ರಿಯಾಯಿತಿಯಿಲ್ಲ. ಪ್ಲೆಕ್ಸಿಗ್ಲಾಸ್ ಹಿಡಿಯನ್ನು ಸ್ಪಿರಿಟ್, ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣ, ಬಂದೂಕಿನ ಕರಿ ಕಳೆಯುವ ದ್ರಾವಣ ಯಾವುದರಿಂದಲೂ ಒರೆಸಬೇಡಿ, ಕ್ಷಣದಲ್ಲಿ ಜೇಡರ ಬಲೆಯಂತೆ ಬಿರುಕು ಹರಡುತ್ತದೆ. ಒದ್ದೆ ಮಾಡಿ ಹಿಂಡಿದ ಮೆತ್ತನೆ ಹತ್ತಿಬಟ್ಟೆ ಸಾಕು. ಲೋಹಕ್ಕೆ ಹಾಕುವ ಎಣ್ಣೆ ಬಹಳ ತೆಳುವಾಗಿರಲಿ, ಇಲ್ಲದಿದ್ದರೆ ಹಿಡಿಯೊಳಗೆ ಜಿನುಗಿ ಫೋಟೊದ ಮೇಲೆ ಕಂದು ಕಲೆ ಮಾಡುತ್ತದೆ. ಚರ್ಮದ ಒರೆಯಲ್ಲಿ ಪಿಸ್ತೂಲನ್ನು ಇಡಬೇಡಿ, ತುಕ್ಕು ಹಿಡಿಯುತ್ತದೆ; ಪಕ್ಕದಲ್ಲಿಡಿ. ಪಾರದರ್ಶಕ ಹಿಡಿಗೆ ವಿನೆಗರ್ ಅಥವಾ ಕರ್ಪೂರದ ವಾಸನೆ ಇದ್ದರೆ ಅದು ಪ್ಲೆಕ್ಸಿಗ್ಲಾಸ್ ಅಲ್ಲ, ಸೆಲ್ಯುಲಾಯ್ಡ್ ಜಾತಿಯದು. ಅದು ಕೊಳೆಯುತ್ತ ಆಮ್ಲ ಬಿಟ್ಟು ಉಕ್ಕನ್ನೂ ತಿನ್ನುತ್ತದೆ. ಬಿಚ್ಚಿ, ಬೇರೆ ಡಬ್ಬಿಯಲ್ಲಿ ಗಾಳಿಯಾಡುವಂತೆ ಇಡಿ.

ಊರಿಗೆ ಹೋದಾಗ ನೋಡುವ ಆಸೆಯಿದ್ದರೆ ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್ 2021ರಿಂದ ವಸ್ತುಸಂಗ್ರಹಾಲಯವಾಗಿದೆ, ಯುದ್ಧಕಾಲದ ಶಸ್ತ್ರಗಳೂ ಅಲ್ಲಿವೆ. ಅಮೆರಿಕದಲ್ಲಾದರೆ ವರ್ಜೀನಿಯಾದ ಫೇರ್‌ಫ್ಯಾಕ್ಸ್‌ನಲ್ಲಿರುವ ರಾಷ್ಟ್ರೀಯ ಬಂದೂಕು ಸಂಗ್ರಹಾಲಯಕ್ಕೆ ಒಂದಿಡೀ ದಿನ ಇಟ್ಟುಕೊಳ್ಳಿ, ಭೂತಗನ್ನಡಿ ಜೇಬಿನಲ್ಲಿರಲಿ.